ಎಳೆಯಬೇಡಿ, ತಿರುಗಿಸಿ!

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಕೊಂಡುತಂದ ಹಳೆಯ ಕಂಪ್ಯೂಟರೊಂದು ಮಧುರೆಯಂಥ ಊರಿನ ಮನೆ ಸೇರಿತೆನ್ನಿ. ಒಂದೆರಡು ವರ್ಷಕ್ಕೆ ಅದರ ಫ್ಯಾನು ಜೋರಾಗಿ ಸದ್ದು ಮಾಡತೊಡಗುತ್ತದೆ. ಕೆಲಸದ ನಡುವೆಯೇ ಕಂಪ್ಯೂಟರು ಆರಿಹೋಗುತ್ತದೆ. ಪಿಯುಸಿ ಓದುವ ಮಗನೋ ಮಗಳೋ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಾರೆ. 'ಇರುವುದನ್ನೂ ಕೆಡಿಸಬೇಡ' ಎಂದು ಅಪ್ಪ ಗದರುತ್ತಾರೆ. ಎರಡು ಕಡೆಯೂ ನ್ಯಾಯವಿದೆ.

ಅನೇಕ ಸಲ ರೋಗ ಬರೀ ಧೂಳು. ರಾಗಿ ಕಣದ ಧೂಳು, ಪಕ್ಕದಲ್ಲಿ ಮಗ್ಗವಿದ್ದರೆ ನೂಲಿನ ನವಿರು, ಎಲ್ಲವೂ ಕೂಲರ್‌ನ ಲೋಹದ ರೆಕ್ಕೆಗಳ ನಡುವೆ ಕೂತಿರುತ್ತವೆ. ಪ್ಲಗ್ ಕಿತ್ತು, ಮೆತ್ತನೆಯ ಬ್ರಷ್ ಆಡಿಸಿದರೆ ಸಾಕು. ಒಳಗಿನ ಪೇಸ್ಟ್ ಒಣಗಿದ್ದರೆ ಅಥವಾ ಪ್ರೊಸೆಸರನ್ನೇ ಬದಲಿಸಬೇಕಾಗಿದ್ದರೆ ಮಾತ್ರ ಕೂಲರ್ ಕಳಚಬೇಕು.

ಕೂಲರ್ ಏಕೆ ಬೇಕು? ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಇಂಟೆಲ್‌ನ ಬೆಂಗಳೂರು ಕೇಂದ್ರದಲ್ಲಿ ರೂಪುಗೊಂಡು 2008ರಲ್ಲಿ ಹೊರಬಂದ ಜಿಯಾನ್ 7400 ಸರಣಿಯ ಪ್ರೊಸೆಸರ್‌ನಲ್ಲಿ 190 ಕೋಟಿ ಟ್ರಾನ್ಸಿಸ್ಟರ್‌ಗಳಿದ್ದವು. ಆ ಸರಣಿಯ ಅತಿ ವೇಗದ ಮಾದರಿ 130 ವಾಟ್‌ವರೆಗೆ ಶಾಖ ಉಗುಳುತ್ತಿತ್ತು. ಅಂದರೆ ಎರಡು ಹಳೆಯ 60 ವಾಟ್ ಬಲ್ಬುಗಳ ಬಿಸಿ, ಅಂಗೈಗಿಂತ ಚಿಕ್ಕ ಜಾಗದಲ್ಲಿ!

ಪ್ರೊಸೆಸರ್‌ನ ಮುಚ್ಚಳ, ಕೂಲರ್‌ನ ತಳ ಎರಡೂ ನಯವಾಗಿ ಕಂಡರೂ ನಡುವೆ ಸೂಕ್ಷ್ಮ ಗೀರುಗಳಿರುತ್ತವೆ, ಅವುಗಳಲ್ಲಿ ಗಾಳಿ. ತಾಮ್ರದ ಉಷ್ಣವಾಹಕತೆ ಸುಮಾರು 400 ಆದರೆ ಗಾಳಿಯದು 0.026. ಆ ಗಾಳಿಯನ್ನು ಹೊರದಬ್ಬಲೆಂದೇ ಪೇಸ್ಟ್ ಹಚ್ಚುವುದು. ತೆಗೆಯುವಾಗ ತೊಂದರೆ ಕೊಡುವುದೂ ಇದೇ ಪೇಸ್ಟ್. ಶಾಲೆಯ ಪ್ರಯೋಗಾಲಯದಲ್ಲಿ ಒದ್ದೆಯಾದ ಎರಡು ಗಾಜಿನ ಸ್ಲೈಡುಗಳು ಅಂಟಿಕೊಂಡರೆ ನೇರವಾಗಿ ಎಳೆದು ಬಿಡಿಸಲಾಗದು. ಪಕ್ಕಕ್ಕೆ ಜಾರಿಸಿದರೆ ತಟ್ಟನೆ ಬರುತ್ತವೆ. ಇಲ್ಲಿಯೂ ಅದೇ ಉಪಾಯ.

ಕಂಪ್ಯೂಟರ್ ನಡೆಯುವಂತಿದ್ದರೆ ಮೊದಲು ಹತ್ತು ನಿಮಿಷ ಓಡಿಸಬೇಕು. ಚಳಿಗೆ ಗಟ್ಟಿಯಾದ ಜೋನಿಬೆಲ್ಲ ಬಿಸಿಗೆ ಸಡಿಲವಾಗುವಂತೆ ಪೇಸ್ಟ್ ಮೆತ್ತಗಾಗುತ್ತದೆ. ಆಮೇಲೆ ಆರಿಸಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಉಳಿದ ವಿದ್ಯುತ್ತು ಬಹುಮಟ್ಟಿಗೆ ಇಳಿಯುತ್ತದೆ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬಾರದು. ಕ್ಯಾಬಿನೆಟ್ಟನ್ನು ಮಲಗಿಸಿ, ಅದರ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಮೇಲಿನ ಸ್ಥಾಯಿವಿದ್ಯುತ್ತನ್ನು ಕಳೆದುಕೊಳ್ಳಬೇಕು. ಪಾಲಿಯೆಸ್ಟರ್ ಅಂಗಿ ಅಂದು ಬೇಡ. ಫ್ಯಾನಿನ ವೈರನ್ನು ಅದರ ತುದಿಯ ಪ್ಲಾಸ್ಟಿಕ್ ಹಿಡಿದು ಬಿಡಿಸಿ, ಸ್ಕ್ರೂಗಳಿದ್ದರೆ ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪಸ್ವಲ್ಪವೇ ಸಡಿಲಿಸಬೇಕು. ಎಲ್ಲ ಹಿಡಿತಗಳೂ ಬಿಟ್ಟ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತಿದ್ದರೆ ಅಂಟು ಬಿಡುತ್ತದೆ. ಆಮೇಲಷ್ಟೇ ಎತ್ತುವುದು.

ಆತುರಪಟ್ಟು ಎಳೆದರೆ? 2017ರಲ್ಲಿ ಬಂದ ಎಎಂಡಿ ರೈಜೆನ್ ಕಂಪ್ಯೂಟರುಗಳ ಎಎಂ4 ಪ್ರೊಸೆಸರ್‌ನ ಹೊಟ್ಟೆಯಡಿ 1331 ಪಿನ್ನುಗಳಿವೆ. ಸಾಕೆಟ್‌ನ ಸನ್ನೆ ಹಾಕಿದ್ದರೂ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಕಿತ್ತುಬರುತ್ತದೆ, ಪಿನ್ನುಗಳು ಬಾಗುತ್ತವೆ. 2022ರ ಎಎಂ5ರಲ್ಲಿ ಪಿನ್ನುಗಳು ಸಾಕೆಟ್‌ಗೇ ಹೋದವು. ಇಂಟೆಲ್ ತನ್ನ ಮೇಜಿನ ಕಂಪ್ಯೂಟರುಗಳಲ್ಲಿ ಈ ಕ್ರಮಕ್ಕೆ 2004ರಲ್ಲೇ ಬಂದಿತ್ತು. ಇವುಗಳಲ್ಲಿ ಪ್ರೊಸೆಸರನ್ನು ಲೋಹದ ಚೌಕಟ್ಟು ಹಿಡಿದಿರುತ್ತದೆ. ಸನ್ನೆ ಎತ್ತಿ, ಚೌಕಟ್ಟು ತೆರೆದು, ಅಂಚುಗಳನ್ನಷ್ಟೇ ಹಿಡಿದು ನೇರವಾಗಿ ಎತ್ತಬೇಕು.

ಎಎಂ4 ಪ್ರೊಸೆಸರ್‌ನ ಒಂದೆರಡು ಪಿನ್ನು ಬಾಗಿದ್ದರೆ ತೆಳುವಾದ ಬ್ಲೇಡಿನಿಂದ ತಾಳ್ಮೆಯಾಗಿ ನೆಟ್ಟಗೆ ಮಾಡಬಹುದು. ಸಾಕೆಟ್‌ನೊಳಗಿನ ಕೂದಲೆಳೆಯಂಥ ಪಿನ್ನುಗಳು ಬಾಗಿದರೆ ಬಲ್ಲವರ ಬಳಿಗೆ ಒಯ್ಯುವುದೇ ಲೇಸು.