ಗಾಳ ಹಾಕುವ ಮುನ್ನ ಮೀನಿನ ಹೊಟ್ಟೆ ನೋಡೋಣ

ಕಳೆದ ಮಳೆಗಾಲದ ಒಂದು ಭಾನುವಾರ ನಾವು ನಾಲ್ವರು ಎರಡು ಬೈಕಿನಲ್ಲಿ ಬೀಳಗಿ ಕಡೆಯ ಹಿನ್ನೀರಿಗೆ ಹೋಗಿದ್ದೆವು. ಜಮಖಂಡಿಯವನೊಬ್ಬ, ಮುಧೋಳದವನೊಬ್ಬ, ಬೀಳಗಿಯವನೊಬ್ಬ, ಬನಹಟ್ಟಿಯವನೊಬ್ಬ. ಪತ್ರಿಕೋದ್ಯಮ ಓದುವಾಗ ಒಂದೇ ಬೆಂಚಿನಲ್ಲಿ ಕುಳಿತವರು. ಬ್ಯಾಗಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಗಾಳದ ಕೋಲು ಮತ್ತು ಆನ್‌ಲೈನಿನಲ್ಲಿ ತರಿಸಿದ ಒಂದು ಡಬ್ಬಿ ಇತ್ತು. ಡಬ್ಬಿಯ ತುಂಬ ಬಣ್ಣ ಬಣ್ಣದ ಪ್ಲಾಸ್ಟಿಕ್ ಮೀನುಗಳು. ಇವುಗಳಿಗೆ ಇಂಗ್ಲಿಷಿನಲ್ಲಿ ಲೂರ್ ಎನ್ನುತ್ತಾರೆ. ನಾವು ಹುಸಿಮೀನು ಎಂದು ಕರೆಯುತ್ತೇವೆ. ಎರೆಹುಳುವಿನ ಬದಲು ಇದನ್ನೇ ದಾರಕ್ಕೆ ಕಟ್ಟಿ ಎಸೆದು ಎಳೆದರೆ, ದೊಡ್ಡ ಮೀನು ಇದನ್ನು ನಿಜವಾದ ಮರಿಮೀನೆಂದು ತಿಳಿದು ಕಚ್ಚಬೇಕು.

ಬೆಳಗಿನ 6ರಿಂದ 11ರವರೆಗೆ ಎಸೆದೆವು, ಎಳೆದೆವು. ಒಂದೂ ಕಚ್ಚಲಿಲ್ಲ. ಹರಿಗೋಲಿನಲ್ಲಿ ಬಲೆ ಎತ್ತಿಕೊಂಡು ದಡಕ್ಕೆ ಬಂದ ಅಂಬಿಗರ ಅಜ್ಜ ನಮ್ಮ ಡಬ್ಬಿಯೊಳಗೆ ಇಣುಕಿ ನಕ್ಕರು.

“ಏನ್ ತಮ್ಮಾ, ಅಮೇರಿಕಾದ ಮೀನ ಹಿಡಿಯಾಕ ಬಂದೀರೇನ?”

“ಹೌದ್ ಯಜ್ಜಾ, ಒಂದೂ ಬೀಳವಲ್ವು” ಅಂದೆವು.

ಅಜ್ಜ ತಮ್ಮ ಬುಟ್ಟಿಯಿಂದ ಒಂದು ಬಾಳೆಮೀನು ತೆಗೆದು ಅದರ ಹೊಟ್ಟೆ ಸೀಳಿದರು. ಒಳಗೆ ಕಿರುಬೆರಳಿಗಿಂತ ಚಿಕ್ಕವಾದ ಮೂರು ಬೆಳ್ಳಿ ಬಣ್ಣದ ಮೀನು, ಒಂದಿಷ್ಟು ಸಿಗಡಿ. “ಮೊದ್ಲ ಹೊಟ್ಟಿ ನೋಡ್ರಿ. ಆಮ್ಯಾಲ ಗಾಳ ಹಾಕ್ರಿ” ಅಂದರು. ನಮ್ಮ ಡಬ್ಬಿಯಲ್ಲಿದ್ದ ಹುಸಿಮೀನುಗಳು ಒಂದೊಂದೂ ಗೇಣುದ್ದ ಇದ್ದವು.

ಈ ಒಂದು ಮಾತನ್ನು ಹಿಡಿದು ನಾವು ಈ ಬರಹ ಬರೆಯುತ್ತಿದ್ದೇವೆ. ಆದರೆ ಆ ದಿನ ಅಷ್ಟಕ್ಕೇ ಮುಗಿಯಲಿಲ್ಲ. ಮಧ್ಯಾಹ್ನ ನಾವು ಮಾಡಿದ ತಪ್ಪನ್ನೂ ಇಲ್ಲಿ ಹೇಳಬೇಕಿದೆ.

ನಮ್ಮ ನಾಲ್ಕೂ ಊರುಗಳಲ್ಲಿ ಈಗ ಗಾಳದ ಹುಚ್ಚು ಹೆಚ್ಚುತ್ತಿದೆ. ಹುಡುಗರು ಮೊಬೈಲಿನಲ್ಲಿ ಅಮೆರಿಕ, ಕೆನಡಾದ ವಿಡಿಯೋ ನೋಡುತ್ತಾರೆ. ಅಲ್ಲಿಯವರಿಗೆ ಸ್ಮಾಲ್‌ಮೌತ್ ಬಾಸ್ ಎಂಬ ಮೀನೆಂದರೆ ಪ್ರಾಣ. ಅದು ಉತ್ತರ ಅಮೆರಿಕದ ತಂಪಾದ, ತಿಳಿಯಾದ, ಕಲ್ಲುತಳದ ನೀರಿನ ಮೀನು. ಸಣ್ಣ ಮೀನು, ಸಿಹಿನೀರಿನ ನಳ್ಳಿಯಂಥ ಜೀವಿಗಳನ್ನು ತಿಂದು ಬದುಕುತ್ತದೆ. ಯಾವ ಋತುವಿನಲ್ಲಿ ಅದು ಎಷ್ಟು ಉದ್ದದ ಮರಿ ತಿನ್ನುತ್ತದೆ, ಆಗ ಯಾವ ಅಳತೆಯ, ಯಾವ ಬಣ್ಣದ ಹುಸಿಮೀನು ಕಟ್ಟಬೇಕು ಎಂಬುದನ್ನು ಅಲ್ಲಿಯವರು ಗಂಟೆಗಟ್ಟಲೆ ಚರ್ಚಿಸುತ್ತಾರೆ. ಚರ್ಚೆ ಒಳ್ಳೆಯದೇ. ನಮ್ಮವರು ಆ ವಿಡಿಯೋದಿಂದ ಸಾಮಾನು ಕೊಳ್ಳುವುದನ್ನು ಕಲಿತರು, ನೋಡುವುದನ್ನು ಕಲಿಯಲಿಲ್ಲ. ನಾವೂ ಹಾಗೆಯೇ ಮಾಡಿದೆವು.

ಮುಧೋಳದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಯಲಿನಲ್ಲಿ ಮೊಲ ಓಡಿಸಲು ಉದ್ದ ಕಾಲಿನ, ತೆಳು ಮೈಯ ಮುಧೋಳ ನಾಯಿಯೇ ಬೇಕು. ಬೆಲೆ ಜಾಸ್ತಿ ಎಂದು ಯಾರೂ ಗುಜ್ಜು ಕಾಲಿನ ವಿದೇಶಿ ನಾಯಿಯನ್ನು ಹೊಲಕ್ಕೆ ಒಯ್ಯುವುದಿಲ್ಲ. ಜಮಖಂಡಿಯವರಿಗೂ ಹೇಳಬೇಕಿಲ್ಲ. ಸರ್ಕಾರದ ದಾರಿ ಕಾಯದೆ, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ಮೈ ಮುರಿದು ದುಡಿದು 1989ರಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜು ಕಟ್ಟಿದ ತಾಲೂಕು ಇದು. ಶ್ರಮಬಿಂದು ಸಾಗರವೆಂಬ ಹೆಸರು ಅದಕ್ಕೆ ಸುಮ್ಮನೆ ಬಂದಿಲ್ಲ. ನಮ್ಮ ನದಿಯನ್ನು ನಾವೇ ನೋಡಿ ನಿರ್ಧರಿಸುವುದು ನಮಗೆ ಹೊಸದಲ್ಲ. ಗಾಳದ ವಿಷಯದಲ್ಲೇಕೆ ಮರೆತೆವು?

ಹಾಗಾದರೆ ನಮ್ಮ ನೀರಿನಲ್ಲಿ ಏನು ನೋಡಬೇಕು? ಆ ದಿನದ ನಂತರ ಅಜ್ಜನಿಂದಲೂ, ನಾವೇ ಮತ್ತೆ ಮತ್ತೆ ಹೋಗಿ ನೋಡಿಯೂ ಕಲಿತದ್ದು ಇಷ್ಟು.

ಮೊದಲನೆಯದು ಅಳತೆ. ದಡದಲ್ಲಿ ಹತ್ತು ನಿಮಿಷ ಸುಮ್ಮನೆ ಕುಳಿತರೆ ಸಣ್ಣ ಮೀನಿನ ಹಿಂಡು ತಾನಾಗಿ ಕಾಣುತ್ತದೆ. ಅವು ಎಷ್ಟು ಉದ್ದ ಇವೆಯೋ ನಮ್ಮ ಹುಸಿಮೀನೂ ಅಷ್ಟೇ ಇರಲಿ. ನಾವು ನೋಡಿದ ಹಿಂಡುಗಳಲ್ಲಿ ಹೆಚ್ಚಿನವು ಎರಡು ಇಂಚಿನ ಒಳಗೇ ಇದ್ದವು. ಗೇಣುದ್ದದ್ದು ಬೇಕಿಲ್ಲ.

ಎರಡನೆಯದು ನೀರಿನ ಬಣ್ಣ. ಚಳಿಗಾಲದಲ್ಲಿ ನೀರು ತಿಳಿಯಾದಾಗ ಬೆಳ್ಳಿ ಬಣ್ಣದ, ಸಾದಾ ಹುಸಿಮೀನು ಸಾಕು, ಬಿಸಿಲಿಗೆ ಹೊಳೆದರೆ ಮೀನಿಗೆ ಕಾಣುತ್ತದೆ. ಮಳೆಗಾಲದ ಕೆಂಪು ನೀರಿನಲ್ಲಿ ಕಣ್ಣು ನಡೆಯುವುದಿಲ್ಲ. ಮೀನಿನ ಮೈಯ ಎರಡೂ ಬದಿಗೆ ಒಂದು ಗೆರೆ ಇರುತ್ತದೆ. ನೀರಿನ ಅಲುಗಾಟವನ್ನು ಮೀನು ಆ ಗೆರೆಯಿಂದಲೇ ಗ್ರಹಿಸುತ್ತದೆ. ಆದ್ದರಿಂದ ಕೆಂಪು ನೀರಿಗೆ, ಎಳೆದಾಗ ತಗಡು ಗಿರಗಿರ ತಿರುಗಿ ನೀರು ನಡುಗಿಸುವ ಸ್ಪಿನ್ನರ್ ಒಳ್ಳೆಯದು. ಅದನ್ನು ನಿಧಾನ ಎಳೆಯಬೇಕು.

ಮೂರನೆಯದು ಜಾಗ. ಗಾಳಿ ಬೀಸಿ ಅಲೆ ಬಡಿಯುವ ದಡಕ್ಕೆ ನೀರಿನ ಮೇಲಿನ ಸೂಕ್ಷ್ಮ ಜೀವಿಗಳು ತೇಲಿ ಬರುತ್ತವೆ. ಅವನ್ನು ತಿನ್ನಲು ಸಣ್ಣ ಮೀನು, ಸಣ್ಣ ಮೀನಿನ ಹಿಂದೆ ದೊಡ್ಡ ಮೀನು. ಹಿಪ್ಪರಗಿಯಂಥ ಬ್ಯಾರೇಜುಗಳ ಗೇಟಿನ ಕೆಳಗೆ ನೊರೆನೀರಿನಲ್ಲಿಯೂ ಸಣ್ಣ ಮೀನು ಸೇರುತ್ತವೆ. ಆದರೆ ಅಲ್ಲಿ ನಿಲ್ಲಬೇಡಿ ಎಂದು ಕೈಮುಗಿದು ಹೇಳುತ್ತೇವೆ. ಗೇಟು ಎತ್ತಿದರೆ ನೀರು ಏರಲು ಹೊತ್ತು ಬೇಕಾಗುವುದಿಲ್ಲ. ಒಂದು ಮೀನಿಗಾಗಿ ಮನೆಯವರನ್ನು ಅಳಿಸಬಾರದು.

ಇಷ್ಟು ತಿಳಿದರೆ ಬೀಳುತ್ತದೆ. ಆದರೆ ಮೀನು ಬೀಳುವುದೇ ಎಲ್ಲವೂ ಅಲ್ಲ ಎಂಬುದು ನಮ್ಮ ಮುಖ್ಯ ವಾದ. ಇಲ್ಲಿಗೆ ಆ ಮಧ್ಯಾಹ್ನದ ಮಾತು ಬರುತ್ತದೆ.

ರೊಟ್ಟಿ ತಿಂದು ಎದ್ದಾಗ ಜೊಂಡಿನ ಪಕ್ಕದ ತಗ್ಗು ನೀರಿನಲ್ಲಿ ಕಿತ್ತಳೆ ಬಣ್ಣದ ಮರಿಗಳ ಗುಂಪೊಂದು ಮೇಲೆ ಬಂದು ಕುದಿಯುವಂತೆ ಆಡುತ್ತಿತ್ತು. ಕೊರವ ಮೀನಿನ ಮರಿಗಳು. ಹಾವಿನಂಥ ತಲೆಯ, ಮೇಲೆ ಬಂದು ಗಾಳಿ ಕುಡಿಯುವ ಮೀನದು. ವಿಡಿಯೋದಲ್ಲಿ ನೋಡಿದ್ದು ನೆನಪಾಯಿತು: ಮರಿಗಳ ಗುಂಪಿನ ಮೇಲೆ ರಬ್ಬರ್ ಕಪ್ಪೆ ಎಸೆಯಿರಿ, ದೊಡ್ಡದು ಕಚ್ಚಿಯೇ ಕಚ್ಚುತ್ತದೆ. ಎಸೆದೆವು. ಎರಡನೇ ಎಸೆತಕ್ಕೇ ಕಚ್ಚಿತು. ಒಂದೂವರೆ ಕಿಲೋ ಇದ್ದಿರಬೇಕು. ಕೂಗಾಡಿದೆವು, ಫೋಟೋ ತೆಗೆದೆವು, ಸ್ಟೇಟಸ್‌ಗೆ ಹಾಕಿದೆವು.

ಅಜ್ಜ ಈ ಸಲ ನಗಲಿಲ್ಲ. “ಕಾಯಾಕ ನಿಂತದ್ದನ್ನ ಹಿಡದೀರಿ. ಇನ್ನ ಆ ಮರಿಗಳನ್ನ ಯಾರ್ ಕಾಯ್ತಾರ?” ಅಂದರು. ನಾವು ತಿರುಗಿ ನೋಡುವಷ್ಟರಲ್ಲಿ ಗುಂಪು ಚದುರಿತ್ತು. ಸುತ್ತಲಿನ ನೀರಿನಲ್ಲಿ ಬೇರೆ ಮೀನುಗಳು ಪಟಪಟ ಬಾಯಿ ಹಾಕುತ್ತಿದ್ದವು. ಕೈಯಲ್ಲಿದ್ದ ಮೀನು ಅಷ್ಟರಲ್ಲಿ ಸತ್ತಿತ್ತು.

ಹಸಿವಿಗೆ ಕಚ್ಚಿದ ಮೀನು ಬೇರೆ, ಮರಿ ಕಾಯಲು ಕಚ್ಚಿದ ಮೀನು ಬೇರೆ. ಕೊರವ ಮೀನು ಮರಿಗಳ ಹತ್ತಿರ ಬಂದ ಯಾವುದನ್ನಾದರೂ ಅಟ್ಟಿಸಿ ಕಚ್ಚುತ್ತದೆ. ಅದು ಆಗ ಕಚ್ಚುವುದು ಊಟಕ್ಕಲ್ಲ. ಅಂಥ ಮೀನನ್ನು ಹಿಡಿಯಲು ಜಾಣತನ ಬೇಡ, ಒಂದು ರಬ್ಬರ್ ತುಂಡು ಸಾಕು. ಅದರಲ್ಲಿ ಹೆಮ್ಮೆ ಪಡುವಂಥದ್ದೂ ಇಲ್ಲ. ಒಂದನ್ನು ಹಿಡಿದರೆ ನೂರಾರು ಮರಿ ಹೋಗುತ್ತವೆ.

ಆ ವಿಡಿಯೋಗಳು ತೋರಿಸದ ಸಂಗತಿಯೊಂದಿದೆ. ಸ್ಮಾಲ್‌ಮೌತ್ ಬಾಸ್‌ನಲ್ಲಿ ಗಂಡು ಮೀನು ಮೊಟ್ಟೆ, ಮರಿಗಳನ್ನು ಕಾಯುತ್ತದೆ. ಅದಕ್ಕಾಗಿಯೇ ಕೆನಡಾದ ಒಂಟಾರಿಯೊ ಪ್ರಾಂತ್ಯದ ಬಹಳಷ್ಟು ಕಡೆ ವಸಂತದಲ್ಲಿ ಬಾಸ್ ಹಿಡಿಯುವುದು ನಿಷಿದ್ಧ, ಜೂನ್ ಬಂದ ಮೇಲೆಯೇ ಅದರ ಹಂಗಾಮು ತೆರೆಯುತ್ತದೆ. ಅಂದರೆ ಹುಸಿಮೀನು ಮಾಡಿದವರೇ ಅದನ್ನು ಯಾವಾಗ ಎಸೆಯಬಾರದು ಎಂಬ ನಿಯಮವನ್ನೂ ಮಾಡಿಕೊಂಡಿದ್ದಾರೆ. ನಾವು ಸಾಮಾನು ತರಿಸಿಕೊಂಡೆವು, ನಿಯಮ ಅಲ್ಲೇ ಉಳಿಯಿತು.

ಇನ್ನೊಂದು ಅಪಾಯ ಜೀವಂತ ಮೀನನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಒಯ್ಯುವುದು. ಹುಸಿಮೀನಿಗೆ ಬೀಳದಿದ್ದಾಗ ಕೆಲವರು ಕೆರೆಯ ಮರಿಯನ್ನು ಕೊಡದಲ್ಲಿ ತಂದು ಹೊಳೆಯಲ್ಲಿ ಗಾಳಕ್ಕೆ ಚುಚ್ಚುತ್ತಾರೆ, ಉಳಿದದ್ದನ್ನು ಅಲ್ಲೇ ಸುರಿದು ಬರುತ್ತಾರೆ. ಹೊರಗಿನ ಮೀನು ಒಮ್ಮೆ ಹೊಳೆ ಸೇರಿದರೆ ತಿರುಗಿ ತೆಗೆಯುವುದು ಆಗದ ಮಾತು. ಇದೇ ಭಯಕ್ಕೆ ಜಪಾನ್ 2005ರಲ್ಲಿ ಸ್ಮಾಲ್‌ಮೌತ್ ಬಾಸ್ ಸಾಕುವುದನ್ನು, ಸಾಗಿಸುವುದನ್ನು, ನೀರಿಗೆ ಬಿಡುವುದನ್ನು ಕಾನೂನಿನಿಂದ ತಡೆಯಿತು. ನಮ್ಮಲ್ಲೂ ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ 2000ರಿಂದಲೇ ನಿಷೇಧವಿದೆ.

ನಮಗೆ ಎದುರಾಗುವ ಪ್ರಶ್ನೆ ಗೊತ್ತು. ಭಾನುವಾರ ನಾಲ್ಕು ಹುಡುಗರು ಹಿಡಿಯುವ ಒಂದು ಮೀನಿನಿಂದ ಹೊಳೆ ಬರಿದಾಗುತ್ತದೆಯೇ? ಬೇಸಿಗೆಯಲ್ಲಿ ಕೃಷ್ಣೆ, ಘಟಪ್ರಭೆಯ ಮಡುಗಳು ಬತ್ತುವುದು, ಅಳಿದುಳಿದ ನೀರಿಗೆ ಕೊಳಕು ಸೇರಿ ಆಮ್ಲಜನಕ ತಗ್ಗುವುದು, ಸೊಳ್ಳೆಪರದೆಯಂಥ ಬಲೆಯಲ್ಲಿ ಮರಿಗಳನ್ನೇ ಬಾಚುವುದು, ಇವು ದೊಡ್ಡ ಕಾರಣಗಳಲ್ಲವೇ?

ಹೌದು, ದೊಡ್ಡವೇ. ಅವುಗಳ ಬಗ್ಗೆ ಬರೆಯುವುದು ನಮ್ಮ ಕೆಲಸ, ಬರೆಯುತ್ತೇವೆ. ಆದರೆ ಸಣ್ಣ ಕಣ್ಣಿನ ಬಲೆ ಹಾಕುವವನಿಗೆ ಸಂಜೆಯ ಅಡುಗೆಯ ಚಿಂತೆ ಇರುತ್ತದೆ. ಅವನಿಗೆ ಬುದ್ಧಿ ಹೇಳುವ ಮೊದಲು, ಮೋಜಿಗೆ ಹೋಗುವ ನಾವು ಸರಿಯಾಗಿರಬೇಡವೇ? ಸ್ಟೇಟಸ್‌ಗಾಗಿ ಮರಿ ಕಾಯುವ ಮೀನನ್ನು ಕೊಂದವನು, ಹೊಟ್ಟೆಪಾಡಿಗೆ ಬಲೆ ಹಾಕುವವನ ಕಡೆ ಬೆರಳು ತೋರಿಸುವುದು ಚಂದ ಕಾಣುವುದಿಲ್ಲ. ಆಲಮಟ್ಟಿಯ ನೀರು 519.60 ಮೀಟರಿಗೆ ಏರಿದಾಗ ಹೊಲ, ಮನೆ, ಊರು ಬಿಟ್ಟು ಎದ್ದವರಲ್ಲಿ ಬೀಳಗಿ ತಾಲೂಕಿನವರೂ ಇದ್ದಾರೆ. ಆ ಹಿನ್ನೀರಿನ ಮೀನು ಮೊದಲು ಅವರ ತಟ್ಟೆಗೆ ಸೇರಬೇಕಾದದ್ದು. ನಮ್ಮ ಮೋಜು ಆಮೇಲೆ.

ಹಾಗಾಗಿ ನಾವು ನಾಲ್ವರು ಕೆಲವು ಮಾತಿಗೆ ಕಟ್ಟುಬಿದ್ದಿದ್ದೇವೆ. ಮರಿಗಳ ಗುಂಪು ಕಂಡರೆ ಅಲ್ಲಿ ಗಾಳ ಎಸೆಯುವುದಿಲ್ಲ, ಆ ಜಾಗ ಬಿಟ್ಟು ಮುಂದೆ ಹೋಗುತ್ತೇವೆ. ಹೊಸ ನೀರು ಬಂದು ಮೀನು ಮೊಟ್ಟೆ ಇಡುವ ಮುಂಗಾರಿನಲ್ಲಿ ಕೋಲು ಅಟ್ಟದ ಮೇಲಿರುತ್ತದೆ. ಮೂರು ಮೊನೆಯ ಕೊಕ್ಕೆ ತೆಗೆದು ಒಂದೇ ಮೊನೆಯದನ್ನು ಹಾಕುತ್ತೇವೆ, ಅದರ ಮುಳ್ಳನ್ನೂ ಇಕ್ಕಳದಿಂದ ಒತ್ತಿ ಮಟ್ಟ ಮಾಡುತ್ತೇವೆ. ಬಿಡಬೇಕಾದ ಮೀನನ್ನು ಆಗ ಜೀವಸಹಿತ ಬಿಡಬಹುದು. ತಿನ್ನುವಷ್ಟೇ ಒಯ್ಯುತ್ತೇವೆ. ಮೀನುಗಾರಿಕೆ ಇಲಾಖೆಯವರನ್ನೋ, ಆ ನೀರಿನ ಹಕ್ಕು ಪಡೆದ ಸೊಸೈಟಿಯವರನ್ನೋ ಕೇಳದೆ ಕೋಲು ಬಿಚ್ಚುವುದಿಲ್ಲ. ಹರಿದ ದಾರವನ್ನು ದಡದಲ್ಲಿ ಬಿಡುವುದಿಲ್ಲ, ಅದು ಹಕ್ಕಿಗಳ ಕಾಲಿಗೆ, ಕುರಿಗಳ ಗೊರಸಿಗೆ ಸುತ್ತಿಕೊಳ್ಳುತ್ತದೆ.

ಓದುಗರಲ್ಲಿ ಗಾಳದ ಗೆಳೆಯರಿದ್ದರೆ ಒಂದು ವಿನಂತಿ. ಮುಂದಿನ ಭಾನುವಾರ ಹೊಸ ಡಬ್ಬಿಗೆ ದುಡ್ಡು ಹಾಕುವ ಮೊದಲು ದಡದ ಅಂಬಿಗರೊಬ್ಬರ ಹತ್ತಿರ ಒಂದು ತಾಸು ಕುಳಿತುಕೊಳ್ಳಿ. ಅವರಿಗೆ ಚಹಾ ಕುಡಿಸಿ. ಈಗ ಮೀನು ಏನು ತಿನ್ನುತ್ತಿವೆ, ಎಲ್ಲಿ ಮರಿ ಮಾಡುತ್ತಿವೆ ಎಂದು ಕೇಳಿ. ಮೊದಲ ಪ್ರಶ್ನೆಯ ಉತ್ತರದಿಂದ ಯಾವ ಹುಸಿಮೀನು ಕಟ್ಟಬೇಕೆಂದು ತಿಳಿಯುತ್ತದೆ. ಎರಡನೆಯದರಿಂದ ಎಲ್ಲಿ ಕಟ್ಟಬಾರದೆಂದು ತಿಳಿಯುತ್ತದೆ.

ಆ ಕೊರವ ಮೀನಿನ ಫೋಟೋವನ್ನು ಅಂದು ಸಂಜೆಯೇ ಅಳಿಸಿದೆವು. ಅಷ್ಟರಲ್ಲಿ ಅದಕ್ಕೆ ನಲವತ್ತು ಜನ ಶಹಬ್ಬಾಸ್ ಹೇಳಿದ್ದರು. ಎಲ್ಲಿ ಹಿಡಿದಿರಿ, ಯಾವ ಕಪ್ಪೆ ಹಾಕಿದಿರಿ ಎಂದು ಕೇಳಿದವರೇ ಹೆಚ್ಚು. ಅವರಿಗೆಲ್ಲ ಒಟ್ಟಿಗೆ ಕೊಡುತ್ತಿರುವ ಉತ್ತರ ಇದು.