ಬೀಗದ ಹಿಂದಿನ ಕುನ್ನಿಮರಿ

ಮನೆಗೆ ಹೊಸದಾಗಿ ತಂದ ಕುನ್ನಿಮರಿ ಮೊದಲ ರಾತ್ರಿ ಒದರತೊಡಗಿದರೆ ಮನೆಯವರಲ್ಲಿ ಎರಡು ಪಕ್ಷ ಹುಟ್ಟುತ್ತವೆ. ಹಿರಿಯರು, “ಒದರ್ಲಿ ಬಿಡ್ರಿ, ನಾಕ್ ದಿನಕ್ಕ ರೂಢಿ ಆಗ್ತದ” ಎನ್ನುತ್ತಾರೆ. ಮಕ್ಕಳು ಹಾಸಿಗೆ ಬಿಟ್ಟೆದ್ದು, “ಪಾಪ, ತಾಯೀನ ಬಿಟ್ಟು ಬಂದದ, ಎತ್ಕೋತೀವಿ” ಎಂದು ಹಟ ಹಿಡಿಯುತ್ತಾರೆ. ಈ ಜಗಳ ಮರಾಠವಾಡಾದ ಉಮರ್ಗಾದಲ್ಲೂ ನಡೆಯುತ್ತದೆ, ಪುಣೆಯ ಬಾಡಿಗೆ ಫ್ಲಾಟಿನಲ್ಲೂ ನಡೆಯುತ್ತದೆ. ಆದರೆ ಎರಡೂ ಕಡೆಯ ಮರಿಗೆ ಒದಗಿದ ಕಷ್ಟ ಒಂದೇ ಬಗೆಯದಲ್ಲ. ಹಿರಿಯರ ಮಾತು ಯಾವ ಮನೆಯಲ್ಲಿ ಹುಟ್ಟಿತು, ಈಗ ಯಾವ ಮನೆಗೆ ಅನ್ವಯವಾಗುತ್ತಿದೆ ಎಂಬುದನ್ನು ಕೇಳಿಕೊಳ್ಳದೆ ಈ ಜಗಳ ತೀರುವಂತಿಲ್ಲ.

ತೇರಣಾ ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಿರುವ ಮಾಕಣಿಯಿಂದ ನಿಲಂಗಾ, ಉದಗೀರಿನವರೆಗಿನ ಮರಾಠವಾಡಾ–ಕರ್ನಾಟಕ ಗಡಿನಾಡನ್ನು ನೋಡಿ. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಕುಟುಂಬಗಳ ಸೀಮೆ ಇದು. ಇಲ್ಲಿನ ನಾಯಿ ಎಂದೂ ಮನುಷ್ಯರ ಜೊತೆಗೇ ನಡೆದದ್ದು. ಕುರುಬರ, ಧನಗರರ ಹಿಂಡಿನ ಜೊತೆ ಅದು ಹಳ್ಳ ದಾಟುತ್ತದೆ. ಜೋಳದ ಹೊಲದಲ್ಲಿ ಗೂಡಿನ ಕೆಳಗೆ ಮಲಗುತ್ತದೆ. ನಳದುರ್ಗದ ಬಳಿಯ ಅಣದೂರಿನ ಖಂಡೋಬಾನಿಗೂ ಬೀದರ ಬಳಿಯ ಖಾನಾಪುರದ ಮೈಲಾರ ಮಲ್ಲಣ್ಣನಿಗೂ ನಾಯಿ ಸಂಗಾತಿ. ನಾಯಿಯಂತೆ ಬೊಗಳಿ ಆ ದೇವರ ಸೇವೆ ಮಾಡುವ ವಾಘ್ಯಾಗಳ ಪರಂಪರೆ ಇಲ್ಲಿ ಹಳೆಯದು. ಭೀಮೆಯ ದಂಡೆಯ ಗಾಣಗಾಪುರಕ್ಕೆ ಹೋದರೆ ದತ್ತನ ಕಾಲ ಬಳಿ ನಾಲ್ಕು ನಾಯಿ. ದೇವರ ಪಟದಲ್ಲಾಗಲಿ ಹೊಲದಲ್ಲಾಗಲಿ ನಾಯಿಯನ್ನು ಒಂಟಿಯಾಗಿ ಕಲ್ಪಿಸಿಕೊಂಡ ಸಂಸ್ಕೃತಿಯಲ್ಲ ಇದು.

ಅಂಥಲ್ಲಿ “ಒದರ್ಲಿ ಬಿಡ್ರಿ” ಎಂದರೂ ಮರಿ ನಿಜವಾಗಿ ಒಂಟಿಯಾಗುತ್ತಿರಲಿಲ್ಲ. ವಾಡೆಯ ಚೌಕದಲ್ಲಿ ಗೋಣಿಚೀಲದ ಮೇಲೆ ಮಲಗಿದ ಮರಿಗೆ ಮೂರು ಮೊಳದಾಚೆ ಹೋರಿಯ ಉಸಿರು ಕೇಳುತ್ತಿತ್ತು, ಹೊರಸಿನ ಮೇಲೆ ಮುದುಕ ಕೆಮ್ಮುತ್ತಿದ್ದ. ಬೆಳಗಾದರೆ ಓಣಿಯ ಮಕ್ಕಳು, ಬೇರೆ ನಾಯಿಗಳು, ಕೋಳಿ, ಆಡು. ನಾಲ್ಕು ದಿನಕ್ಕೆ ಸುಮ್ಮನಾಗುತ್ತಿದ್ದದ್ದು ಸುಳ್ಳಲ್ಲ. ಆದರೆ ಅದನ್ನು ಸುಮ್ಮನಾಗಿಸಿದ್ದು ಅಳಲು ಬಿಟ್ಟ ಶಿಸ್ತೇನಲ್ಲ, ಸುತ್ತ ತುಂಬಿದ್ದ ಜೀವ.

ಅಂಥ ಮನೆಗಳು ಈಗ ಕಡಿಮೆಯಾಗಿವೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಭೂಕಂಪ ಈ ಸೀಮೆಯ ಕಲ್ಲು–ಮಣ್ಣಿನ ದಪ್ಪ ಗೋಡೆಗಳನ್ನು ಕೆಡವಿತು. ಸತ್ತವರ ಸಂಖ್ಯೆ ಹತ್ತು ಸಾವಿರದ ಹತ್ತಿರ ಹೋಯಿತು. ಮುಂದೆ 52 ಊರುಗಳನ್ನು ಬೇರೆ ಜಾಗದಲ್ಲಿ, ಅಳೆದು ಗೆರೆ ಹಾಕಿದ ನಿವೇಶನಗಳ ಮೇಲೆ ಹೊಸದಾಗಿ ಕಟ್ಟಲಾಯಿತು. ಒತ್ತೊತ್ತಾದ ವಾಡೆಗಳ ಜಾಗದಲ್ಲಿ ಬಿಡಿಬಿಡಿ ಮನೆಗಳು ಬಂದವು, ಓಣಿಗಳು ಅಗಲವಾದವು, ದನದ ಜಾಗ ದೂರವಾಯಿತು. ಭೂಕಂಪ ತಟ್ಟದ ಕಡೆಯೂ ದುಡಿಮೆ ಬದಲಾಯಿತು. ಸೋಲಾಪುರ–ಹೈದರಾಬಾದ್ ಹೆದ್ದಾರಿ ಹಿಡಿದು ಎರಡೂ ದಿಕ್ಕಿಗೆ ಹೋದ ಕುಟುಂಬಗಳು ಗಂಡ–ಹೆಂಡತಿ ಇಬ್ಬರೂ ದುಡಿಯುವ, ಬೆಳಿಗ್ಗೆ ಬೀಗ ಬೀಳುವ ಮನೆಗಳಾದವು. ಬೀಗ ಬಿದ್ದ ಮನೆಯಲ್ಲಿ ಇಡೀ ಹಗಲು ನಾಯಿಯೊಂದೇ ಇರುವುದು ಈ ನೆಲದ ನಾಯಿಯ ಚರಿತ್ರೆಯಲ್ಲಿ ತೀರ ಈಚಿನ ಸಂಗತಿ.

ಇದರ ವಿಪರೀತ ರೂಪ ಕಾಣುವುದು ಬೇಟೆನಾಯಿಗಳಲ್ಲಿ. ಲಾತೂರು ಕಡೆ ಕಾರವಾನ, ಪಶ್ಮಿ ಎಂದು ಸಾಕುವ, ಕೃಷ್ಣೆಯ ತೆಂಕಣಕ್ಕೆ ಬಂದರೆ ಮುಧೋಳ ಎಂದು ಹೆಸರಾದ ನೀಳಕಾಲಿನ ತಳಿಗಳಿವು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದಲ್ಲಿ ಮುಧೋಳ ನಾಯಿಗಾಗಿಯೇ ಸಂಶೋಧನಾ ಕೇಂದ್ರ ನಡೆಸುತ್ತಿದೆ. 2005ರಲ್ಲಿ ಈ ತಳಿಯ ಅಂಚೆಚೀಟಿ ಬಂತು, 2016ರಲ್ಲಿ ಮರಿಗಳು ಸೇನೆಯ ತರಬೇತಿಗೆ ಮೇರಠ್‌ಗೆ ಹೋದವು, 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೆಸರು ಹೇಳಿದರು. ಮರಿ ಕೇಳುವ ಪಟ್ಟಣಿಗರು ಹೆಚ್ಚಾದರು. ಬಯಲಿನಲ್ಲಿ ಒಡೆಯನ ಕಣ್ಣಳತೆಯಲ್ಲಿ ಓಡಲೆಂದು ತಲೆಮಾರುಗಳಿಂದ ಆಯ್ದು ಬೆಳೆಸಿದ ಪ್ರಾಣಿ ಅದು. ಒಬ್ಬಿಬ್ಬರನ್ನು ಮಾತ್ರ ಹಚ್ಚಿಕೊಳ್ಳುತ್ತದೆ, ಪರಕೀಯರಿಂದ ದೂರ ನಿಲ್ಲುತ್ತದೆ. ಅದರ ಎರಡು ತಿಂಗಳ ಮರಿ ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಎಂಟು ಗಂಟೆ ಕಳೆಯಬೇಕೆಂದರೆ ತಪ್ಪು ಮರಿಯ ತಳಿಯದಲ್ಲ.

ಮರಿ ಯಾಕೆ ಒದರುತ್ತದೆ ಎಂಬುದಕ್ಕೆ ವಿಜ್ಞಾನದ ಉತ್ತರ ಸ್ಪಷ್ಟವಾಗಿದೆ. ಅಮೆರಿಕದ ಬಾರ್ ಹಾರ್ಬರಿನಲ್ಲಿ ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ಪುಸ್ತಕ ಬರೆದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್, ಮೂರರಿಂದ ಹನ್ನೆರಡು ವಾರದ ನಡುವಿನ ಕಾಲವೇ ನಾಯಿ ತನ್ನವರು ಯಾರೆಂದು ಗೊತ್ತುಮಾಡಿಕೊಳ್ಳುವ ಕಾಲ ಎಂದು ತೋರಿಸಿದರು. ನಾವು ಮರಿಯನ್ನು ತಾಯಿ, ಒಡಹುಟ್ಟಿದವರಿಂದ ಬಿಡಿಸಿ ತರುವುದು ಸರಿಯಾಗಿ ಅದೇ ಹೊತ್ತಿನಲ್ಲಿ. 1978ರಲ್ಲಿ ಯಾಕ್ ಪ್ಯಾಂಕ್‌ಸೆಪ್ ಮತ್ತು ಸಂಗಡಿಗರು ಇನ್ನೂ ಒಳಗೆ ಇಳಿದರು. ಒಂಟಿಯಾಗಿಸಿದ ಮರಿಗಳಿಗೆ ತೀರ ಸಣ್ಣ ಪ್ರಮಾಣದ ಮಾರ್ಫಿನ್ ಕೊಟ್ಟಾಗ ಅವುಗಳ ಕೂಗು ತಗ್ಗಿತು. ಅಗಲಿಕೆಯ ಸಂಕಟ ಮಿದುಳಿನಲ್ಲಿ ಮೈನೋವಿನ ದಾರಿಗಳನ್ನೇ ಬಳಸಿಕೊಂಡು ಬೆಳೆದಿರಬೇಕು ಎಂಬುದು ಅವರ ವಾದ. 1998ರಲ್ಲಿ ಬುಡಾಪೆಸ್ಟಿನ ಸಂಶೋಧಕರು, ತಾಯಿ–ಮಗುವಿನ ಅಂಟನ್ನು ಅಳೆಯುವ ಪರೀಕ್ಷೆಯನ್ನು ನಾಯಿ–ಒಡೆಯರಿಗೆ ಒಡ್ಡಿದರು. ಒಡೆಯ ಕೋಣೆಯಲ್ಲಿದ್ದಾಗ ನಾಯಿಗಳು ಆಡಿದವು, ಮೂಸಿ ಸುತ್ತಿದವು. ಅಪರಿಚಿತರ ಜೊತೆ ಬಿಟ್ಟಾಗ ಬಾಗಿಲ ಬಳಿ ಹೋಗಿ ನಿಂತವು.

ಹೀಗಾಗಿ ಕೂಗು ಹಟವಲ್ಲ, ಕರೆ. ಗುಂಪಿನಿಂದ ತಪ್ಪಿದ ಮರಿಯನ್ನು ತಾಯಿ ಹುಡುಕಿ ಬರಲೆಂದು ಬಂದ ಗುಣ ಅದು.

ಹಾಗಾದರೆ ಕರೆದಾಗಲೆಲ್ಲ ಎತ್ತಿಕೊಳ್ಳಬೇಕೆ? ಇಲ್ಲಿ ಮಕ್ಕಳ ಪಕ್ಷವೂ ಎಡವುತ್ತದೆ. ಸದಾ ಮಡಿಲಲ್ಲಿ, ಸದಾ ಕಾಲಡಿಯಲ್ಲಿ ಬೆಳೆದ ಮರಿಗೆ ಒಂಟಿಯಾಗಿರುವ ಅನುಭವವೇ ಇರುವುದಿಲ್ಲ. ಕೋವಿಡ್ ಲಾಕ್‌ಡೌನಿನಲ್ಲಿ ಮನೆ ತುಂಬ ಜನರಿದ್ದಾಗ ತಂದ ಮರಿಗಳು, ಕಚೇರಿ ಶಾಲೆ ತೆರೆದ ದಿನ ಒಮ್ಮೆಲೆ ಖಾಲಿ ಮನೆ ಕಂಡು ಕಂಗೆಟ್ಟದ್ದನ್ನು ಜಗತ್ತಿನಾದ್ಯಂತ ಪಶುವೈದ್ಯರು ಕಂಡರು. ಬ್ರಿಟನ್ನಿನಲ್ಲಿ ಮರಿಗಳನ್ನು ಎಳವೆಯಿಂದ ಹಿಂಬಾಲಿಸುತ್ತಿರುವ ‘ಜನರೇಶನ್ ಪಪ್’ ಅಧ್ಯಯನದ 2024ರ ವರದಿಯಲ್ಲಿ, ಆರು ತಿಂಗಳ ವಯಸ್ಸಿಗೆ ಸುಮಾರು ಅರ್ಧದಷ್ಟು ಮರಿಗಳಲ್ಲಿ ಒಂಟಿ ಬಿಟ್ಟಾಗಿನ ತೊಂದರೆಯ ಲಕ್ಷಣಗಳಿದ್ದವು. ಹಿಂದಿರುಗಿ ಬಂದು, ಮರಿ ಮಾಡಿದ ರಾದ್ಧಾಂತ ಕಂಡು ಅದನ್ನು ಎತ್ತಿ ಮುದ್ದಾಡುವವರ ಮರಿಗಳಲ್ಲಿ ಆ ಲಕ್ಷಣ ಹೆಚ್ಚು. ರಾತ್ರಿ ತನ್ನದೇ ಜಾಗದಲ್ಲಿ ಮಲಗಲು ಎಳವೆಯಲ್ಲೇ ಕಲಿತ, ಚೆನ್ನಾಗಿ ನಿದ್ದೆ ಮಾಡಿದ ಮರಿಗಳಲ್ಲಿ ಕಡಿಮೆ. ಗದರಿಕೆ, ಹೊಡೆತಗಳಿಂದ ಕಲಿಸುವುದು ತೊಂದರೆಯನ್ನು ಹೆಚ್ಚಿಸುವ ಕಡೆಗೇ ವಾಲಿತ್ತು.

ಎರಡೂ ಪಕ್ಷದ ಮಾತಿನಲ್ಲಿ ಉಳಿಯಬೇಕಾದ ಭಾಗ ಹೀಗೆ ಬಿಡಿಸಿ ಬರುತ್ತದೆ. ಮರಿ ಒಂಟಿಯಾಗಿರಲು ಕಲಿಯಲೇಬೇಕು ಎಂಬುದು ಹಿರಿಯರ ಸರಿ. ಹೆದರಿದ ಸ್ಥಿತಿಯಲ್ಲಿ ಕಲಿಯಲಾರದು ಎಂಬುದು ಮಕ್ಕಳ ಸರಿ. ಗಂಟೆಗಟ್ಟಲೆ ಒದರಿ ಸುಮ್ಮನಾದ ಮರಿ ಸಮಾಧಾನಗೊಂಡಿದೆ ಎಂದು ತಿಳಿಯುವುದರಲ್ಲೇ ದೊಡ್ಡ ಮೋಸವಿದೆ. ದಣಿದ ಮರಿಯೂ ಸುಮ್ಮನಾಗುತ್ತದೆ. ಎರಡನ್ನೂ ಬೇರೆ ಮಾಡಿ ನೋಡುವ ಗುರುತುಗಳಿವೆ: ಸಮಾಧಾನದ ಮರಿ ಬಿಟ್ಟುಹೋದ ತಿನಿಸು ತಿಂದಿರುತ್ತದೆ, ಅಡ್ಡಬಿದ್ದು ಮಲಗಿರುತ್ತದೆ. ಸೋತ ಮರಿ ತಿನಿಸು ಮುಟ್ಟಿರುವುದಿಲ್ಲ, ಜೊಲ್ಲು ಸುರಿಸಿರುತ್ತದೆ, ಬಾಗಿಲ ಕಟ್ಟಿಗೆ ಕೆರೆದಿರುತ್ತದೆ. ಹಳೆಯ ಮೊಬೈಲೊಂದನ್ನು ಕಪಾಟಿನ ಮೇಲೆ ಇಟ್ಟು ಚಿತ್ರೀಕರಿಸಿದರೆ ಸಾಕು. ಗಲಾಟೆ ಬಹುಪಾಲು ಒಡೆಯ ಹೊರಟ ಮೊದಲ ಅರ್ಧ ಗಂಟೆಯೊಳಗೇ ನಡೆಯುವುದರಿಂದ ದಿನವಿಡೀ ನೋಡಬೇಕಾಗಿಲ್ಲ.

ಕಲಿಸುವ ಬಗೆ ಮಗುವಿಗೆ ಈಜು ಕಲಿಸಿದಂತೆ: ಮೊಣಕಾಲುದ್ದದ ನೀರಿನಿಂದ ಶುರು. ಮೊದಲ ಕೆಲವು ರಾತ್ರಿ ಮರಿಯ ಪೆಟ್ಟಿಗೆ ಅಥವಾ ಹಾಸು ಮನೆಯವರ ಹಾಸಿಗೆಯ ಬಳಿಯೇ ಇರಲಿ. ಮರಿ ಕೈಗೆಟುಕುವಷ್ಟು ಹತ್ತಿರವಿದ್ದರೂ ತನ್ನ ಜಾಗದಲ್ಲೇ ಇರಲಿ. ತಾಯಿಯ ಕೆಳಗೆ ಹಾಸಿದ್ದ ಬಟ್ಟೆಯ ತುಂಡೊಂದನ್ನು ಕೇಳಿ ತಂದರೆ ಆ ವಾಸನೆ ದೊಡ್ಡ ಆಸರೆ. ಎರಡು ತಿಂಗಳ ಮರಿಗೆ ಮೂತ್ರ ತಡೆಯುವ ಶಕ್ತಿ ಎರಡು–ಮೂರು ಗಂಟೆಗಿಂತ ಹೆಚ್ಚಿರುವುದಿಲ್ಲ. ಆದ್ದರಿಂದ ನಡುರಾತ್ರಿಯ ಕೂಗು ಹಲವು ಸಲ ಬರೀ ಅದಕ್ಕೇ. ಮಾತಿಲ್ಲದೆ ಹೊರಗೆ ಕರೆದೊಯ್ದು, ಮಾತಿಲ್ಲದೆ ಮರಳಿ ಮಲಗಿಸಬೇಕು. ದಿನ ಕಳೆದಂತೆ ಹಾಸನ್ನು ಸ್ವಲ್ಪ ಸ್ವಲ್ಪವೇ ಬಾಗಿಲ ಕಡೆ ಸರಿಸಬಹುದು.

ಹಗಲಿನ ಪಾಠ ಬೇರೆ. ಆಡಿ, ಉಂಡು, ಮೂತ್ರ ಮಾಡಿ ಮರಿಗೆ ತೂಕಡಿಕೆ ಬರುವ ಹೊತ್ತು ನೋಡಿ ಕೋಣೆಯ ಹೊರಗೆ ಹೆಜ್ಜೆಯಿಡಬೇಕು. ಎಣಿಸಿದ ಕೆಲವು ಸೆಕೆಂಡು, ಅಷ್ಟೇ. ಅದು ಕೂಗುವ ಮೊದಲೇ ಮರಳಬೇಕು. ಸೆಕೆಂಡು ನಿಮಿಷವಾಗುತ್ತದೆ, ನಿಮಿಷ ಐದಾಗುತ್ತದೆ. ನಡುವೆ ಒಮ್ಮೆ ಚಿಕ್ಕದು, ಒಮ್ಮೆ ದೊಡ್ಡದು, ಹೀಗೆ ಹೊತ್ತು ಬದಲಿಸಿದರೆ ಮರಿ ಗಡಿಯಾರ ನೋಡುವಂತೆ ಕಾಯುವುದಿಲ್ಲ. ಬೀಗದ ಕೈ ಸದ್ದು, ಚಪ್ಪಲಿ ಮೆಟ್ಟುವುದು, ಬೈಕಿನ ಹೆಲ್ಮೆಟ್ಟು ಇವನ್ನು ಮರಿ ಬೇಗ ಓದಿಬಿಡುತ್ತದೆ. ಹೋಗದೇ ಇರುವಾಗಲೂ ದಿನಕ್ಕೆ ಹಲವು ಸಲ ಬೀಗ ಅಲುಗಾಡಿಸಿ, ಚಪ್ಪಲಿ ಮೆಟ್ಟಿ ಕೂತುಬಿಟ್ಟರೆ ಆ ಗುರುತುಗಳ ಭಯ ಕರಗುತ್ತದೆ. ಹೊರಡುವಾಗ ಹಳೆಯ ಗೋಣಿಯ ಮಡಿಕೆಗಳಲ್ಲಿ ರೊಟ್ಟಿಯ ಚೂರು ಅಡಗಿಸಿಟ್ಟರೆ ಮೂಗಿಗೆ ಕೆಲಸ ಸಿಗುತ್ತದೆ. ಉಳ್ಳಾಗಡ್ಡಿ, ಚಾಕೊಲೇಟು, ದ್ರಾಕ್ಷಿ ಮಾತ್ರ ಬೇಡ, ನಾಯಿಗೆ ವಿಷ. ಬಂದಾಗ ಹಬ್ಬ ಮಾಡಬಾರದು. ಚೀಲ ಇಟ್ಟು, ಕೈಕಾಲು ತೊಳೆದು, ಮರಿ ನಾಲ್ಕೂ ಕಾಲೂರಿ ನಿಂತಾಗ ಮಾತಾಡಿಸಿದರಾಯಿತು. ಮರಾಠವಾಡಾದಲ್ಲಿ ಇನ್ನೊಂದು ಎಚ್ಚರ ಬೇಕು: ಏಪ್ರಿಲ್–ಮೇ ತಿಂಗಳಲ್ಲಿ ತಗಡಿನ ಪತ್ರಾ ಹೊದಿಸಿದ ಕೋಣೆಯಲ್ಲಾಗಲಿ ತಾರಸಿಯಲ್ಲಾಗಲಿ ಬಿಟ್ಟ ಮರಿಗೆ ಒಂಟಿತನಕ್ಕಿಂತ ಮೊದಲು ಬಿಸಿಲೇ ಪ್ರಾಣಕ್ಕೆ ಬರುತ್ತದೆ.

ಇಷ್ಟೆಲ್ಲ ಮಾಡಲು ವಾರಗಳು ಬೇಕು. ಎದುರಾಡುವವರ ಬಲವಾದ ವಾದ ಇರುವುದು ಇಲ್ಲೇ. ಕಾರ್ಖಾನೆಯ ಪಾಳಿ, ಶಾಲೆಯ ನೌಕರಿ, ಕಬ್ಬಿನ ಕೆಲಸ ಇರುವವರು ಮರಿಗಾಗಿ ರಜೆ ಹಾಕಬೇಕೆ? ನಾಯಿ ಸಾಕುವುದು ಬಿಡುವಿದ್ದವರ ಶೋಕಿ ಮಾತ್ರವಾಗಬೇಕೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದರಿಂದ “ಒದರ್ಲಿ ಬಿಡ್ರಿ” ಎಂಬುದು ಸರಿಯಾಗುವುದಿಲ್ಲ. ವಾಡೆಯಲ್ಲಿ ಈ ಕೆಲಸವನ್ನು ಒಬ್ಬರೇ ಮಾಡುತ್ತಿರಲಿಲ್ಲ, ಇಡೀ ಮನೆ ಹಂಚಿಕೊಳ್ಳುತ್ತಿತ್ತು. ಆ ಹಂಚಿಕೆಯನ್ನು ಮರಳಿ ತರುವುದು ಸಾಧ್ಯ. ಹಗಲು ಮನೆಯಲ್ಲಿರುವ ನೆರೆಯ ಅಜ್ಜಿ, ಮಧ್ಯಾಹ್ನ ಶಾಲೆ ಬಿಟ್ಟು ಬರುವ ಪಕ್ಕದ ಮನೆಯ ಹುಡುಗ, ಪಾಳಿ ಬದಲಿಸಿಕೊಳ್ಳುವ ಗಂಡ–ಹೆಂಡತಿ ಇವರೊಳಗೆ ಮೊದಲ ಎರಡು ತಿಂಗಳ ಹೊತ್ತು ತುಂಬುತ್ತದೆ. ಅದೂ ಆಗದ ಮನೆಗೆ ಮರಿಯ ಬದಲು ಎರಡು–ಮೂರು ವರ್ಷದ, ಒಂಟಿಯಾಗಿರಲು ಬಲ್ಲ ಓಣಿಯ ನಾಯಿಯೇ ಹೆಚ್ಚು ಹೊಂದುತ್ತದೆ.

ಕಾನೂನೂ ಮರಿಯ ಕಡೆಗೇ ಇದೆ. 2017ರ ನಾಯಿ ಸಾಕಣೆ–ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಇದಕ್ಕೆ ಆಧಾರವೂ ಉಂಟು: 2011ರಲ್ಲಿ ಇಟಲಿಯ ಸಂಶೋಧಕರು, 30–40 ದಿನಕ್ಕೇ ತಾಯಿಯನ್ನು ಬಿಟ್ಟ ಮರಿಗಳಲ್ಲಿ ಎರಡು ತಿಂಗಳಿಗೆ ಬಿಟ್ಟವುಗಳಿಗಿಂತ ಅಂಜಿಕೆ, ಅತಿ ಬೊಗಳಾಟ, ಹಾಳುಗೆಡಹುವ ಗುಣ ಹೆಚ್ಚೆಂದು ಕಂಡಿದ್ದರು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ, ಸದಾ ಸರಪಳಿಯಲ್ಲೋ ಇಕ್ಕಟ್ಟಿನಲ್ಲೋ ಇಟ್ಟ ನಾಯಿಗೆ ಓಡಾಟ ಕೊಡದಿರುವುದು ಅಪರಾಧ. ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ, ವಸತಿ ಸಂಘಗಳು ನಾಯಿ ಸಾಕುವುದನ್ನು ನಿಷೇಧಿಸುವಂತಿಲ್ಲ ಎನ್ನುತ್ತಲೇ, ಬೊಗಳಾಟದಿಂದ ನೆರೆಯವರಿಗೆ ತೊಂದರೆಯಾಗದಂತೆ ನೋಡಿಕೊಳ್ಳಿರೆಂದು ಸಾಕುವವರಿಗೂ ಹೇಳುತ್ತದೆ. ಬೆಳೆದ ಮೇಲೂ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವಷ್ಟು ಸಂಕಟವಿರುವ ನಾಯಿಗೆ ಮನೆಮದ್ದು ಸಾಲದು. ಉದಗೀರಿನಲ್ಲೂ ಬೀದರಿನಲ್ಲೂ ಪಶುವೈದ್ಯ ಕಾಲೇಜುಗಳಿವೆ. ಅಂಥ ನಾಯಿಗಳಿಗೆಂದು ಅಮೆರಿಕ 1998ರಲ್ಲೇ ಕ್ಲೋಮಿಪ್ರಮಿನ್ ಔಷಧಿಗೆ ಒಪ್ಪಿಗೆ ಕೊಟ್ಟಿದೆ. ಆದರೆ ಔಷಧಿ ತರಬೇತಿಯ ಜೊತೆಗೆ, ವೈದ್ಯರ ಚೀಟಿಯ ಮೇಲೆ.

ಮರಿ ಕೊಳ್ಳುವವರು ಸಾಮಾನ್ಯವಾಗಿ ಬೆಲೆ, ಲಸಿಕೆ, ತಂದೆ–ತಾಯಿಯ ಎತ್ತರ ಕೇಳುತ್ತಾರೆ. ಮಾರುವವರು ಮುಂಗಡ ಕೇಳುತ್ತಾರೆ. ಇದರ ಜೊತೆ ಎರಡು ಪ್ರಶ್ನೆ ಸೇರಬೇಕು. ಒಂದು ಮಾರುವವರಿಗೆ: ಈ ಮರಿ ಒಡಹುಟ್ಟಿದವರನ್ನು ಬಿಟ್ಟು ಕೆಲವು ನಿಮಿಷವಾದರೂ ಒಂಟಿಯಾಗಿ ಇದ್ದು ನೋಡಿದೆಯೇ? ಮಾರುವ ಮೊದಲಿನ ಕೊನೆಯ ಮೂರು ವಾರ ದಿನಕ್ಕೆ ಐದು ನಿಮಿಷ ಒಂದೊಂದೇ ಮರಿಯನ್ನು ಬೇರೆ ಮೂಲೆಯಲ್ಲಿ ಆಡಿಸಿ ಮರಳಿ ಬಿಡುವುದು ಮಾರುವವರಿಗೆ ಖರ್ಚಿನ ಮಾತಲ್ಲ. ಇನ್ನೊಂದು ಕೊಳ್ಳುವವರಿಗೆ: ನಿಮ್ಮ ಮನೆಗೆ ದಿನಕ್ಕೆ ಎಷ್ಟು ಗಂಟೆ ಬೀಗ? ಎಂಟು ಎಂದು ಉತ್ತರ ಬಂದರೆ, ನಡುವೆ ಬಂದು ಬಾಗಿಲು ತೆರೆಯುವವರ ಹೆಸರು ಹೇಳುವವರೆಗೆ ಮರಿ ತಾಯಿಯ ಬಳಿಯೇ ಇರಲಿ.