ಬಿಸಿಲೂರಿಗೆ ತಕ್ಕ ಆಟದ ಗಣಕಯಂತ್ರ

ಕುರುಗೋಡಿನ ದೊಡ್ಡ ಬಸವೇಶ್ವರನದು ಏಕಶಿಲಾ ಮೂರ್ತಿ, ಗಣಕಯಂತ್ರ ಹಾಗಲ್ಲ. ಬಿಡಿಭಾಗಗಳನ್ನು ಒಂದೊಂದಾಗಿ ಕೂಡಿಸಬಹುದು, ಬದಲಿಸಬಹುದು. ಮಕ್ಕಳಿಗೆ ಆಟದ ಗಣಕ ಕೊಡಿಸಹೊರಟ ಮಿತ ವರಮಾನದ ಗೃಹಸ್ಥರಿಗೆ ಇದೇ ಅನುಕೂಲ.

2021ರಲ್ಲಿ ಬಂದ ರೈಜನ್ 5 5600ಜಿ ಪ್ರೊಸೆಸರಿನಲ್ಲಿ ಚಿತ್ರ ಮೂಡಿಸುವ ಶಕ್ತಿಯೂ ಅಡಕವಾಗಿದೆ. ದುಬಾರಿ ಗ್ರಾಫಿಕ್ಸ್ ಕಾರ್ಡನ್ನು ಮುಂದಿನ ವರ್ಷ ಕೊಳ್ಳಬಹುದು. ಆದರೆ 16 ಜಿಬಿಯ ಒಂದೇ ರ್‍ಯಾಮ್ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಲೇಸು: ಮಾಹಿತಿ ಹರಿಯುವ ದಾರಿ ಇಮ್ಮಡಿಯಾಗಿ ಆಟ ಸರಾಗವಾಗುತ್ತದೆ.

ಜಿಪುಣತನ ಸಲ್ಲದ ಸ್ಥಳ ಪವರ್ ಸಪ್ಲೈ. ಬಳ್ಳಾರಿಯಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಬೇಸಿಗೆಯ ತಾಪ 40 ಡಿಗ್ರಿ ದಾಟುತ್ತದೆ. ಅಗ್ಗದ್ದು ಕೆಟ್ಟರೆ ತನ್ನೊಡನೆ ಮದರ್‌ಬೋರ್ಡನ್ನೂ ಸುಟ್ಟೀತು. ಮುಂದೆ ಸೇರಲಿರುವ ಕಾರ್ಡಿನ ವಾಟ್ ಲೆಕ್ಕವನ್ನೂ ಇಂದೇ ಹಿಡಿಯಬೇಕು. ಗಾಳಿಯಾಡುವ ಪೆಟ್ಟಿಗೆಯಿದ್ದು, ತಿಂಗಳಿಗೊಮ್ಮೆ ಧೂಳು ತೆಗೆದರೆ ಯಂತ್ರ ಬಹುಕಾಲ ಬಾಳುತ್ತದೆ.